ಹಳೆ ಕ್ಯಾಂಪರ್ ವ್ಯಾನ್ ಹೀಟ್ ಆಗುವುದು ಯಾವಾಗ?

ಎಂಜಿನ್ ಹೀಟ್ ಆಗುತ್ತಿದೆ ಎಂದೊಡನೆ ರೇಡಿಯೇಟರ್ ಬಿಚ್ಚಲು ಹೋಗಬೇಡಿ. ಯಾವಾಗ ಹೀಟ್ ಆಗುತ್ತದೆ ಎಂದು ಎರಡು ದಿನ ಗಮನಿಸಿ, ಬರೆದಿಡಿ. ಟ್ರಾಫಿಕ್ಕಿನಲ್ಲಿ ನಿಂತಾಗ ಟೆಂಪರೇಚರ್ ಮೀಟರಿನ ಮುಳ್ಳು ಏರಿ, ಗಾಡಿ ಓಡತೊಡಗಿದಾಗ ಇಳಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಏರು ರಸ್ತೆಯಲ್ಲಿ, ಹೈವೇ ವೇಗದಲ್ಲಿ ಮಾತ್ರ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ನೀರು ಸರಿಯಾಗಿ ಸುತ್ತುತ್ತಿಲ್ಲ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಏರಿದರೆ ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್), ಏರ್ ಲಾಕ್ (ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ) ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಹೆಡ್ಡಿಗೂ ನಡುವಿನ ಸೀಲ್).

ಮುಳ್ಳು ಹೇಳುವುದು ನಿಜವೇ ಎಂದೂ ನೋಡಬೇಕು. ಹೆಡ್‌ಲೈಟ್ ಹಾಕಿದಾಗ ಅದು ಜಿಗಿದರೆ ಅರ್ಥಿಂಗ್ ಕೆಟ್ಟಿದೆ, ಎಂಜಿನ್ನಲ್ಲ. ಥರ್ಮೋಸ್ಟಾಟ್ ಹೌಸಿಂಗಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ.

ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಅದರ ರಬ್ಬರ್ ನೋಡಿ. ಅರ್ಧ ನೀರು, ಅರ್ಧ ಕೂಲೆಂಟ್ ಬೆರೆಸಿದ ಮಿಶ್ರಣ ಒತ್ತಡವಿಲ್ಲದೆ ಸುಮಾರು 107 ಡಿಗ್ರಿಗೇ ಕುದಿಯುತ್ತದೆ, 1 ಬಾರ್ ಒತ್ತಡದಲ್ಲಿ 125 ದಾಟಿದ ಮೇಲೆ. ಸೀಲ್ ಬಿರುಕು ಬಿಟ್ಟಿದ್ದರೆ ಸರಿಯಿರುವ ಎಂಜಿನ್ ಕೂಡ ನೀರು ಉಕ್ಕಿಸುತ್ತದೆ. ಹೊಸ ಮುಚ್ಚಳದ ಮೇಲಿನ ಒತ್ತಡದ ಅಂಕಿ ನಿಮ್ಮ ಗಾಡಿಗೆ ಹೇಳಿದ್ದೇ ಇರಲಿ.

ಎಲೆಕ್ಟ್ರಿಕ್ ಫ್ಯಾನ್ ತಿರುಗದಿದ್ದರೆ ರೇಡಿಯೇಟರಿನ ಥರ್ಮೋ ಸ್ವಿಚ್ಚಿನ ಎರಡು ವೈರ್ ಜೋಡಿಸಿ. ತಿರುಗಿದರೆ ಸ್ವಿಚ್ ಹೋಗಿದೆ. ಇಲ್ಲದಿದ್ದರೆ ಫ್ಯೂಸ್, ರಿಲೇ, ಮೋಟರ್ ನೋಡಿ. ವಿಸ್ಕಸ್ ಫ್ಯಾನಾದರೆ (ಎಣ್ಣೆ ತುಂಬಿದ ಕ್ಲಚ್ಚಿನ ಮೂಲಕ ಎಂಜಿನ್ನೇ ತಿರುಗಿಸುವ ಫ್ಯಾನ್) ಬಿಸಿ ಎಂಜಿನ್ ಆಫ್ ಮಾಡಿ ಕೈಯಿಂದ ತಿರುಗಿಸಿ. ಬಿಗಿಯಿರಬೇಕು. ಸಲೀಸಾಗಿ ಸುತ್ತು ಹೊಡೆದರೆ, ನಡುವಿನ ಹಬ್‌ನಲ್ಲಿ ಎಣ್ಣೆ ಜಿನುಗಿದ್ದರೆ ಕ್ಲಚ್ ಮುಗಿದಿದೆ.

ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿ. ಅದರ ಮೇಲೆ 82 ಅಥವಾ 87 ಎಂದು ಅಚ್ಚಾಗಿರುತ್ತದೆ. ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು. ಅದನ್ನು ಕಿತ್ತೆಸೆದು ಓಡಿಸುವ ಅಭ್ಯಾಸ ಬೇಡ. ಎಷ್ಟೋ ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಮರಳಿ ಸುತ್ತುತ್ತದೆ.

ಬಿಸಿಯಾದ ರೇಡಿಯೇಟರಿನ ಮೇಲೆ ಥರ್ಮಾಮೀಟರ್ ಆಡಿಸಿದಾಗ ಮಧ್ಯೆ ತಣ್ಣಗಿನ ಪಟ್ಟಿ ಸಿಕ್ಕರೆ ಅಲ್ಲಿನ ಟ್ಯೂಬ್‌ಗಳು ಕಟ್ಟಿಕೊಂಡಿವೆ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಸೇರಿದ ಕಸವನ್ನು ಮರೆಯಬೇಡಿ. ಇನ್ನೊಬ್ಬರು ಆಕ್ಸಿಲರೇಟರ್ ಒತ್ತಿ 3000 ಆರ್‌ಪಿಎಂಗೆ ಏರಿಸಿದಾಗ ಕೆಳಗಿನ ಹೋಸ್ ಚಪ್ಪಟೆಯಾದರೆ ಪಂಪು ನೀರಿಲ್ಲದೆ ಒದ್ದಾಡುತ್ತಿದೆ. ಹೋಸಿನೊಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿರುತ್ತದೆ, ಅಥವಾ ರೇಡಿಯೇಟರ್ ಕಟ್ಟಿದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಒಣಗಿದ ಕೂಲೆಂಟ್ ಕಲೆ ಕಂಡರೆ ಸೀಲ್ ಸೋರುತ್ತಿದೆ.

ಕ್ಯಾಂಪರ್‌ಗಳನ್ನು ಹೆಚ್ಚು ಕಾಡುವುದು ಏರ್ ಲಾಕ್. ನೀರಿನಿಂದ ತಂಪಾಗುವ ಫೋಕ್ಸ್‌ವ್ಯಾಗನ್ ಟಿ3ಯಂಥ ಗಾಡಿಯಲ್ಲಿ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ನೆಲದಡಿ ಉದ್ದನೆಯ ಪೈಪ್‌ಗಳು. ಹಿಂದಿನ ಸೀಟಿಗೆ ಇನ್ನೊಂದು ಹೀಟರ್ ಇದ್ದರೆ ಗಾಳಿ ಅಡಗಲು ಮತ್ತೊಂದು ಜಾಗ. ಮೂತಿಯನ್ನು ಸುಮಾರು 40 ಸೆಂ.ಮೀ. ಎತ್ತಿ ಭದ್ರವಾಗಿ ನಿಲ್ಲಿಸಿ, ಎಲ್ಲ ಹೀಟರ್‌ಗಳನ್ನೂ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ ನಿಧಾನವಾಗಿ ತುಂಬಿ. ಗುಳ್ಳೆಯಿಲ್ಲದ ಧಾರೆ ಬಂದ ಮೇಲೆಯೇ ಬಿಗಿ ಮಾಡಿ. ಎಷ್ಟು ಲೀಟರ್ ಹಿಡಿಯಿತೆಂದು ಲೆಕ್ಕವಿಡಿ: ಪೂರ್ತಿ ಖಾಲಿ ಮಾಡಿದ ಸಿಸ್ಟಂಗೆ ಮ್ಯಾನ್ಯುವಲ್ ಹೇಳಿದ್ದಕ್ಕಿಂತ 3 ಲೀಟರ್ ಕಡಿಮೆ ಹೋದರೆ ಆ ಜಾಗದಲ್ಲಿ ಗಾಳಿಯೋ ಹಳೆ ನೀರೋ ಉಳಿದಿದೆ.

ಬ್ಲೀಡ್ ಮಾಡಿದ ಮೇಲೂ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ತಿರುಗಿ. ತಣ್ಣಗಿನ ಸ್ಟಾರ್ಟ್ ಆದ ಒಂದೆರಡು ನಿಮಿಷಕ್ಕೇ, ನೀರು ಬಿಸಿಯಾಗುವ ಮುಂಚೆಯೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಬ್ಲಾಕ್ ಟೆಸ್ಟರಿನ (ಹಾಗೆ ನುಗ್ಗಿದ ಗ್ಯಾಸನ್ನು ಪತ್ತೆಹಚ್ಚುವ ಸಾಧನ) ನೀಲಿ ದ್ರವದ ಮೂಲಕ ರೇಡಿಯೇಟರ್ ಬಾಯಿಯ ಗಾಳಿಯನ್ನಷ್ಟೇ ಎಳೆಯಿರಿ, ಕೂಲೆಂಟ್ ಒಳಗೆ ಹೋಗಬಾರದು. ದ್ರವ ಹಳದಿಗೆ ತಿರುಗಿದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ. ಆಯಿಲ್ ಮುಚ್ಚಳದ ಬಿಳಿ ಕೆನೆಯೊಂದೇ ಸಾಕ್ಷಿಯಲ್ಲ. ಬರೀ ಸಣ್ಣ ಓಡಾಟದಿಂದಲೂ ಅದು ಕಟ್ಟುತ್ತದೆ. ಹೆಡ್ ಇಳಿಸಿದಾಗ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ), ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಹಿಡಿದು ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಅಳೆಯಿರಿ. ಡೊಂಕು ಮ್ಯಾನ್ಯುವಲ್ ಹೇಳಿದ ಮಿತಿ ಮೀರಿದ್ದರೆ ಮೆಷಿನಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಕೂರಿಸಬೇಡಿ.