ಎಡಕ್ಕೆ ಕಟ್ಟುವ ಎತ್ತು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ ಎಲ್ಲ ಮಾಡುತ್ತೇನೆ. ಜಾಸ್ತಿ ದುಡ್ಡು ಬರುವುದು ಜೋಡಿ ಫೋಟೋದಿಂದ. ಜಾಸ್ತಿ ಬೈಸಿಕೊಂಡಿದ್ದೂ ಅದರಿಂದಲೇ.

ಶುರುವಿನಲ್ಲಿ ಒಂದು ಮದುವೆಗೆ ಹೊಸ 85 ಎಂಎಂ ಲೆನ್ಸ್ ಹಿಡಿದು ಹೋಗಿದ್ದೆ. ಹಿಂದಿನದೆಲ್ಲ ಮಸುಕಾಗಲಿ ಅಂತ ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬಿಡುವ ಕಿಂಡಿಯನ್ನು, ಪೂರ್ತಿ ತೆರೆದು ಎಫ್ 1.8ರಲ್ಲಿ ತೆಗೆದೆ. ಹುಡುಗ ಅರ್ಧ ಹೆಜ್ಜೆ ಹಿಂದೆ ನಿಂತಿದ್ದ. ಆಲ್ಬಂ ನೋಡಿದ ಹುಡುಗಿಯ ಅಪ್ಪ, "ನಮ್ಮ ಅಳಿಯ ಏನು ಮಂಜಿನಾಗ ನಿಂತಾನೇನಪ್ಪಾ?" ಅಂದರು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಈ ಲೆನ್ಸು 2 ಮೀಟರ್ ದೂರದಿಂದ 1.8ರಲ್ಲಿ ಸ್ಪಷ್ಟವಾಗಿ ಹಿಡಿಯುವ ಆಳ ಸುಮಾರು 6 ಸೆಂಟಿಮೀಟರ್ ಅಷ್ಟೇ. ಕಿಂಡಿ ಕಿರಿದು ಮಾಡಿ ಎಫ್ 8 ಇಟ್ಟರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಇದು ಒಂದು ಸಂಜೆಯ ಪಾಠ, ಬಿಡಿ.

ಆಮೇಲೆ ಅಭ್ಯಾಸಕ್ಕೆ ಅಂತ ಬಿಡುವಿದ್ದಾಗಲೆಲ್ಲ ಮನುಷ್ಯರಲ್ಲದ ಜೋಡಿಗಳನ್ನು ಹುಡುಕಿಕೊಂಡು ಹೊರಟೆ. ಅವು ಬೈಯುವುದಿಲ್ಲ ಅಲ್ವಾ? ತಂತಿ ಮೇಲಿನ ಗೊರವಂಕ, ಮಂಡಕ್ಕಿ ಪಕ್ಕ ಮೆಣಸಿನಕಾಯಿ, ಗುಡಿ ಮುಂದೆ ಬಿಟ್ಟ ಚಪ್ಪಲಿ. ಗೊರವಂಕದಲ್ಲಿ ಗಂಡು ಯಾವುದು, ಹೆಣ್ಣು ಯಾವುದು ನೋಡಿದರೆ ಗೊತ್ತಾಗುವುದಿಲ್ಲ. ಚಪ್ಪಲಿ ಹಾಗಲ್ಲ. ಎಡ ಬಲ ಅದಲುಬದಲಾದರೆ ಮಾತು ಬಿಟ್ಟ ಗಂಡ ಹೆಂಡತಿ ಥರ ಒಂದೊಂದು ಒಂದೊಂದು ಕಡೆ ಮುಖ ತಿರುಗಿಸುತ್ತವೆ. ಆಗ ನಕ್ಕು ಸುಮ್ನಾದೆ. ಯೋಚಿಸಬೇಕಿತ್ತು.

ಹಿರಿಯೂರಿನ ಮಾರಿಕಣಿವೆಗೂ ಹೋಗಿದ್ದೆ. 1907ರಲ್ಲಿ ಮುಗಿದ ಅಣೆಕಟ್ಟು ಎರಡು ಗುಡ್ಡಗಳ ನಡುವೆ ಇದೆ. ಕಟ್ಟೆ ಬಿಟ್ಟು ಗುಡ್ಡಗಳನ್ನಷ್ಟೇ ತೆಗೆದೆ. ಯಾವ ಊರಿನ ಗುಡ್ಡವಾದರೂ ಆಗಬಹುದಿತ್ತು. ಅಲ್ಲಿನ ಹೊಳೆಯೂ ಜೋಡಿಯೇ. ವೇದಾ, ಅವತಿ ಎರಡೂ ಸೇರಿ ವೇದಾವತಿ. ಅದನ್ನು ಯಾವ ಲೆನ್ಸಿನಲ್ಲಿ ತೆಗೆಯುವುದು!

ನನಗೆ ಬುದ್ಧಿ ಬಂದಿದ್ದು ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ. ಕಾರಹುಣ್ಣಿಮೆ ದಿನ ಒಬ್ಬ ಅಜ್ಜ ತಮ್ಮ ಜೋಡೆತ್ತಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೆಜ್ಜೆ ಸರ ಕಟ್ಟಿ ನಿಲ್ಲಿಸಿದ್ದರು. ಎರಡೂ ಬಿಳಿ, ಎರಡರದೂ ಉದ್ದ ಕೊಂಬು. ನನ್ನ ಕಣ್ಣಿಗೆ ಎರಡೂ ಒಂದೇ. ಒಳ್ಳೆ ಫೋಟೋ ಬಂತು. ಮನೆಗೆ ಬಂದು, ಫ್ರೇಮಿನಲ್ಲಿ ಇನ್ನೂ ಚೆಂದ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಉಲ್ಟಾ ಮಾಡಿ ಪ್ರಿಂಟ್ ಹಾಕಿಸಿದೆ. ಕನ್ನಡಿಯಲ್ಲಿ ಕಂಡ ಹಾಗೆ.

ಅಜ್ಜ ಫೋಟೋ ಕೈಗೆ ತೆಗೆದುಕೊಂಡು ಒಂದು ಕ್ಷಣ ನೋಡಿದರು, ಅಷ್ಟೇ.

"ತಮ್ಮಾ, ಎಡಕ್ಕ ಕಟ್ಟೋ ಎತ್ತು ಬಲಕ್ಕ ಹೆಂಗ ಬಂತು?"

"ಚೆಂದ ಕಾಣ್ಲಿ ಅಂತ ನಾನೇ ತಿರುಗಿಸೀನಿ ಅಜ್ಜಾರೆ."

"ಹಿಂಗ ಕಟ್ಟಿದ್ರ ಒಂದು ಸಾಲೂ ನೆಟ್ಟಗ ಹೊಡಿಯಂಗಿಲ್ಲ ಅವು."

ಎತ್ತುಗಳನ್ನು ಪಳಗಿಸುವಾಗಲೇ ಒಂದೊಂದಕ್ಕೆ ಒಂದೊಂದು ಕಡೆ ರೂಢಿ ಮಾಡಿಸುತ್ತಾರಂತೆ. ವರ್ಷಗಟ್ಟಲೆ ಹಾಗೇ ನಡೆದ ಮೇಲೆ ಬದಲಿಸಿ ಕಟ್ಟಿದರೆ ನೊಗದಡಿ ತಡವರಿಸುತ್ತವೆ. ನಾನು ಒಂದು ಬಟನ್ ಒತ್ತಿ ಅಷ್ಟೂ ವರ್ಷದ ರೂಢಿಯನ್ನು ತಿರುಗಿಸಿಟ್ಟಿದ್ದೆ.

ಸ್ಟುಡಿಯೋಗೆ ಬಂದು ಹಳೆಯ ಮದುವೆ ಆಲ್ಬಂ ತೆರೆದೆ. ಅಲ್ಲೂ ಅದೇ ಕಥೆ. ಪುಟಕ್ಕೆ ಹೊಂದಲಿ ಅಂತ ಉಲ್ಟಾ ಮಾಡಿದ ಫೋಟೋಗಳು ಆರೇಳು ಸಿಕ್ಕವು. ಹುಡುಗನ ಅಂಗಿ ಜೇಬು ಬಲಕ್ಕೆ ಹೋಗಿತ್ತು, ವಾಚು ಬಲಗೈಗೆ ಬಂದಿತ್ತು, ಎಡಕ್ಕೆ ನಿಂತಿದ್ದ ಹುಡುಗಿ ಬಲಕ್ಕೆ. ಯಾರೂ ದೂರಿರಲಿಲ್ಲ. ಗೊತ್ತಾಗದೆ ಸುಮ್ನಿದ್ದರೋ, ಸಂಕೋಚಕ್ಕೋ. ಈಗ ನಮ್ಮ ಸ್ಟುಡಿಯೋದಲ್ಲಿ ಜೋಡಿ ಫೋಟೋ ಉಲ್ಟಾ ಮಾಡುವ ಹಾಗಿಲ್ಲ. ಎಡಿಟಿಂಗ್ ಹುಡುಗನಿಗೆ ಹೇಳಿದರೆ ನಗುತ್ತಾನೆ. ನಗಲಿ. ನಿಲ್ಲಿಸುವ ಮೊದಲು "ನೀವು ಯಾವ ಕಡೆ ನಿಲ್ಲೋದು ರೂಢಿ?" ಅಂತಲೂ ಕೇಳುತ್ತೇನೆ. ವಯಸ್ಸಾದ ದಂಪತಿ ಯೋಚಿಸುವುದೇ ಇಲ್ಲ, ತಾವಾಗಿಯೇ ಜಾಗ ಹಿಡಿಯುತ್ತಾರೆ.

ಅಜ್ಜನಿಗೆ ಸರಿಯಾದ ಪ್ರಿಂಟ್ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಅವರೇ ಸ್ಟುಡಿಯೋಗೆ ಬಂದರು. ಎಡಕ್ಕೆ ಕಟ್ಟುತ್ತಿದ್ದದ್ದು ಸತ್ತಿತ್ತು. ಅದೊಂದನ್ನೇ ಕತ್ತರಿಸಿ ದೊಡ್ಡದು ಮಾಡಿಕೊಡು ಅಂದರು. ಹೇಗೆ ಕತ್ತರಿಸಿದರೂ ಪಕ್ಕದ ಎತ್ತಿನ ಕೊಂಬಿನ ತುದಿ ಒಳಗೆ ಬರುತ್ತಿತ್ತು. ಅಳಿಸಲಾ ಅಂತ ಕೇಳಿದೆ.

"ಬ್ಯಾಡ ಬಿಡು," ಅಂದರು. "ಅದು ಅಲ್ಲೇ ಇರ್ತಿತ್ತು."