ಹಗ್ಗ ಹಿಡಿದವನ ನೆನಪು

ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಕಣ್ಣಪ್ಪನ ಕಥೆಯನ್ನು ನಾಟಕವಾಗಿ ಆಡುವುದೆಂದು ತೀರ್ಮಾನವಾಯಿತು. ಕನ್ನಡದ ಮೇಷ್ಟ್ರು ತರಗತಿಯಲ್ಲಿ ಹರಿಹರನ ಕಣ್ಣಪ್ಪನ ರಗಳೆಯನ್ನು ಮುಗಿಸಿದ ವಾರವೇ ಈ ಮಾತು ಎತ್ತಿದ್ದರು. ನನಗೆ ಬಣ್ಣ ಹಚ್ಚುವ ಪಾತ್ರ ಸಿಗಲಿಲ್ಲ. ಸೈಡ್ ವಿಂಗಿನಲ್ಲಿ ನಿಂತು ಮಾತು ಮರೆತವರಿಗೆ ಎತ್ತಿಕೊಡುವುದು, ಬಿಲ್ಲು, ಬಾಣ, ಬಿಲ್ವಪತ್ರೆಗಳನ್ನು ವೇಳೆಗೆ ಸರಿಯಾಗಿ ಒದಗಿಸುವುದು, ಪರದೆಯ ಹಗ್ಗ ಹಿಡಿಯುವುದು ನನ್ನ ಪಾಲಿಗೆ ಬಂದವು. ಮೊದಲ ಕೆಲವು ದಿನ ಮನಸ್ಸಿಗೆ ಪಿಚ್ಚೆನಿಸಿದ್ದು ನಿಜ. ಆ ಬೇಸರ ಹೇಗೆ ಕಳೆಯಿತೆಂದು ಹೇಳಬೇಕಾದರೆ 1954ರಲ್ಲಿ ತೆರೆಕಂಡ ಒಂದು ಚಿತ್ರದ ವಿಚಾರವನ್ನೇ ಹೇಳಬೇಕು.

ಪ್ರಾಕ್ಟೀಸು ನಡೆಯುತ್ತಿದ್ದ ದಿನಗಳಲ್ಲಿ ಊರ ಹೊರಗಿನ ಟೆಂಟಿಗೆ ‘ಬೇಡರ ಕಣ್ಣಪ್ಪ’ ಬಂತು. ಮೇಷ್ಟ್ರು ನಮ್ಮನ್ನೆಲ್ಲ ಕರೆದುಕೊಂಡು ಹೊರಟರು. ಅವರು ವಿಧಿಸಿದ ಕಟ್ಟಳೆ ಒಂದೇ: ಆಟಕ್ಕೆ ಮುಂಚೆ ಮೈಕಿನಲ್ಲಿ ಹಾಕುವ ವೆಂಕಟೇಶನ ಹಾಡು ಮುಗಿಯುವುದರೊಳಗೆ ಎಲ್ಲರೂ ಕುಳಿತಿರಬೇಕು, ಕೈಯಲ್ಲಿ ನೋಟ್‌ಬುಕ್ಕು, ಪೆನ್ಸಿಲು ಇರಬೇಕು. ಆ ಕಾಲದ ಚಿತ್ರಗಳಲ್ಲಿ ದುಡಿದವರ ಹೆಸರುಗಳು ಮೊದಲಿಗೇ ಬರುತ್ತಿದ್ದುದರಿಂದ ತಡವಾಗಿ ಬಂದವರಿಗೆ ಕಥೆ ಸಿಗುತ್ತಿತ್ತೇ ಹೊರತು ಹೆಸರುಗಳು ಸಿಗುತ್ತಿರಲಿಲ್ಲ. ನಟರ ಹೆಸರುಗಳನ್ನು ಇಬ್ಬರು ಬರೆದುಕೊಳ್ಳಬೇಕು, ಸಂಗೀತದವರದನ್ನು ಒಬ್ಬ, ಕ್ಯಾಮೆರಾದವರದನ್ನು ನಾನು ಎಂದು ಮೊದಲೇ ಹಂಚಿದ್ದರು. ಕತ್ತಲಲ್ಲಿ ಗೀಚಿದ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಆ ಹಾಳೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ನೆಟ್ಟಗೆ ಓದಲು ಬರುವುದು ಎಸ್. ಮಾರುತಿರಾವ್ ಎಂಬ ಛಾಯಾಗ್ರಾಹಕರ ಹೆಸರು ಮಾತ್ರ.

ಮರುದಿನ ಮೇಷ್ಟ್ರು ನಮ್ಮ ಹಾಳೆಗಳನ್ನೆಲ್ಲ ಜೋಡಿಸಿ, ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಒಬ್ಬೊಬ್ಬರೂ ಎಲ್ಲಿಂದ ಬಂದವರೆಂದು ವಿವರಿಸಿದರು. ಆ ತರಗತಿಯನ್ನು ನಾನು ಮರೆತಿಲ್ಲ. ಚಿತ್ರಕ್ಕೆ ಮೂಲವಾದ ನಾಟಕವನ್ನು ಬರೆದವರು ಜಿ.ವಿ. ಅಯ್ಯರ್, ಅದನ್ನು ಆಡಿದ್ದು ಗುಬ್ಬಿ ವೀರಣ್ಣನವರ ಕಂಪನಿ. 1884ರಲ್ಲಿ ಹುಟ್ಟಿ, ಊರೂರಿಗೆ ಕ್ಯಾಂಪು ಹೂಡುತ್ತ, ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಆ ಕಂಪನಿಯ ಹೆಸರಿನಲ್ಲೇ ಚಿತ್ರದ ನಿರ್ಮಾಣವೂ ನಡೆಯಿತು. ಅಯ್ಯರ್ ಹುಡುಗನಾಗಿದ್ದಾಗಲೇ ಆ ಕಂಪನಿಯನ್ನು ಸೇರಿದವರು. ಚಿತ್ರದಲ್ಲಿ ಸ್ವತಃ ಬಣ್ಣವನ್ನೂ ಹಚ್ಚಿದರು. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರೂ ರಂಗಭೂಮಿಯವರೇ. ತಮ್ಮದೇ ನಾಟಕವಾದ ‘ಸಂಸಾರ ನೌಕೆ’ಯನ್ನು 1936ರಲ್ಲಿ ಚಿತ್ರವಾಗಿಸಿ, ಬಿ.ಆರ್. ಪಂತುಲು ಮತ್ತು ಎಂ.ವಿ. ರಾಜಮ್ಮನವರನ್ನು ತೆರೆಗೆ ತಂದವರು ಅವರು. ರಂಗದ ಮೇಲೆ ನಿಂತ ಕಥೆಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸುವ ಕೆಲಸ ಅವರಿಗೆ ಹೊಸದಾಗಿರಲಿಲ್ಲ.

ಮುಂದೆ ಕಣ್ಣಪ್ಪನೆನಿಸುವ ಬೇಡ ದಿಣ್ಣನ ಪಾತ್ರಕ್ಕೆ ಸಿಂಹ ಅವರು ಆರಿಸಿದ್ದು ಮುತ್ತುರಾಜ ಎಂಬ ಯುವಕನನ್ನು. ಗಾಜನೂರಿನ ಆ ಹುಡುಗ, ಗುಬ್ಬಿ ಕಂಪನಿಯ ಹೆಸರಾಂತ ನಟರಾಗಿದ್ದ ತಂದೆ ಪುಟ್ಟಸ್ವಾಮಯ್ಯನವರ ಬೆನ್ನಿಗೇ ಕಂಪನಿಯ ಬದುಕನ್ನು ಕಂಡು, ಹಾಡು, ಮಾತು, ನಿಲುವುಗಳನ್ನು ಅಲ್ಲೇ ಕಲಿತು ಬೆಳೆದವನು. ಅವನಿಗೆ ರಾಜ್‌ಕುಮಾರ್ ಎಂದು ಹೆಸರಿಟ್ಟವರೂ ಸಿಂಹ ಅವರೇ. ಇದೇ ಚಿತ್ರದಲ್ಲಿ ನರಸಿಂಹರಾಜು ಅವರೂ ಮೊದಲ ಬಾರಿಗೆ ತೆರೆಗೆ ಬಂದರು. ಅವರೂ ಕಂಪನಿ ನಾಟಕಗಳಲ್ಲಿ ಪಳಗಿದವರು. ಹಲಗೆಯ ಮೇಲಿನ ಹೆಸರುಗಳ ನಡುವೆ ಮೇಷ್ಟ್ರು ಗೆರೆ ಎಳೆಯುತ್ತ ಹೋದಂತೆ ಗೆರೆಗಳೆಲ್ಲ ರಂಗಭೂಮಿಯ ಕಡೆಗೇ ಸೇರುತ್ತಿದ್ದವು.

ಆದರೆ ನಾನು ಬರೆದುಕೊಂಡ ಹೆಸರು ಆ ಗೆರೆಗಳ ಹೊರಗೆ ಉಳಿಯಿತು. ಮಾರುತಿರಾವ್ ಮದರಾಸಿನ ಎ.ವಿ.ಎಂ. ಸ್ಟುಡಿಯೋದ ಬಳಗದವರು, ಸಂಗೀತ ನಿರ್ದೇಶಕ ಆರ್. ಸುದರ್ಶನಂ ಕೂಡ. ಇವರಿಬ್ಬರೂ, ದಿಣ್ಣನ ಹೆಂಡತಿ ನೀಲೆಯ ಪಾತ್ರ ಮಾಡಿದ ಪಂಡರಿಬಾಯಿಯವರೂ ಎರಡೇ ವರ್ಷದ ಹಿಂದೆ ತಮಿಳಿನ ‘ಪರಾಶಕ್ತಿ’ಯಲ್ಲಿ ಜೊತೆಯಾಗಿ ದುಡಿದಿದ್ದರು, ಅದೂ ನಾಟಕದಿಂದಲೇ ಬಂದ ಚಿತ್ರ. ಮುಂದಿನ ಅಭಿಮಾನದಲ್ಲಿ ನಾವು ಒಬ್ಬ ನಾಯಕನ ಹೆಸರಿನಿಂದಲೇ ‘ಬೇಡರ ಕಣ್ಣಪ್ಪ’ವನ್ನು ಗುರುತಿಸುತ್ತ ಬಂದಿದ್ದೇವೆ. ಆ ಅಭಿಮಾನ ನನಗೂ ಇದೆ. ಆದರೂ ಕೊನೆಯ ಸಾಲಿನ ಪ್ರೇಕ್ಷಕನಿಗೆ ದನಿ ಮುಟ್ಟಿಸಲು ಕಲಿತ ಕನ್ನಡದ ಕಂಪನಿಯವರೂ, ಮುಖದ ಹತ್ತಿರಕ್ಕೆ ಹೋಗುವುದನ್ನು ಬಲ್ಲ ಸ್ಟುಡಿಯೋದವರೂ ಒಂದೆಡೆ ಕೂಡಿದ್ದರಿಂದಲೇ ಆ ಚಿತ್ರ ನಿಂತಿತೆಂದು ನನ್ನ ನಂಬಿಕೆ.

ಇದು ನನಗೆ ಮನದಟ್ಟಾದದ್ದು ಕಣ್ಣು ಕೀಳುವ ದೃಶ್ಯದಲ್ಲಿ. ನಮ್ಮ ನಾಟಕದಲ್ಲಿ ಆ ದೃಶ್ಯದ ಸಾಮಾನು ನನ್ನ ಹೊಣೆಯಾಗಿತ್ತು. ಕುಂಕುಮದ ನೀರಿನಲ್ಲಿ ನೆನೆಸಿದ ಸ್ಪಂಜಿನ ಸಣ್ಣ ತುಂಡನ್ನು ಬಾಣದ ಜೊತೆಗೆ ದಿಣ್ಣನ ಪಾತ್ರಧಾರಿಯ ಅಂಗೈಗೆ ದಾಟಿಸಬೇಕು. ಅವನು ಸಭೆಗೆ ಬೆನ್ನಾಗಿ ತಿರುಗಿ, ಕಣ್ಣಿಗೆ ಒತ್ತಿ, ಕೆನ್ನೆಯ ಮೇಲೆ ಕೆಂಪು ಇಳಿಯುತ್ತಿರುವಂತೆ ಮುಖ ತಿರುಗಿಸಬೇಕು. ಪ್ರಾಕ್ಟೀಸಿನಲ್ಲಿ ಎರಡು ಸಲ ನೀರು ಮುಂಚೆಯೇ ಮೊಣಕೈಗೆ ಹರಿದು ದೃಶ್ಯ ಕೆಟ್ಟಿತು. ಸ್ಪಂಜನ್ನು ಹೆಚ್ಚು ಹಿಂಡಿದರೆ ಬಣ್ಣ ಬರುತ್ತಿರಲಿಲ್ಲ, ಕಡಿಮೆ ಹಿಂಡಿದರೆ ತಡೆಯುತ್ತಿರಲಿಲ್ಲ. ಆ ಹದ ಕೈಗೆ ಹತ್ತಲು ನನಗೆ ಒಂದು ವಾರ ಬೇಕಾಯಿತು. ಎರಡನೆಯ ಕಣ್ಣನ್ನು ಕೀಳುವ ಮುನ್ನ, ಜಾಗ ತಪ್ಪದಿರಲೆಂದು ಲಿಂಗದ ಕಣ್ಣಿನ ಮೇಲೆ ದಿಣ್ಣ ತನ್ನ ಪಾದವನ್ನಿಡುವ ಗಳಿಗೆಯಂತೂ ಕಥೆಯ ಜೀವ. ರಂಗದ ಮೇಲೆ ಅದು ಕೊನೆಯ ಸಾಲಿಗೂ ಕಾಣಲಿ ಎಂದು ನಮ್ಮವನು ಕಾಲನ್ನು ಎತ್ತರಕ್ಕೆ ಎತ್ತಿ ಇಡುತ್ತಿದ್ದ. ಟೆಂಟಿನ ನೆಲದಲ್ಲಿ ಕುಳಿತು ಅದೇ ಪ್ರಸಂಗವನ್ನು ತೆರೆಯ ಮೇಲೆ ನೋಡುತ್ತಿದ್ದಾಗ, ಆ ಬಣ್ಣವನ್ನು ಕಲಸಿದವರು ಯಾರು, ಆ ಬೆಳಕನ್ನು ಹಿಡಿದು ನಿಂತವರು ಯಾರು, ಹದ ತಪ್ಪಿದಾಗ ಮತ್ತೆ ಮೊದಲಿನಿಂದ ಸಜ್ಜು ಮಾಡಿದವರು ಯಾರು ಎಂದು ನನ್ನ ಮನಸ್ಸು ಹುಡುಕತೊಡಗಿತು. ಅಲ್ಲಿಯವರೆಗೆ ಎಷ್ಟೋ ಸಿನಿಮಾ ನೋಡಿದ್ದೆನಾದರೂ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

ಅದೇ ಕಥೆಯನ್ನು ಸಿಂಹ ಅವರು ತೆಲುಗಿಗೂ ಹಿಂದಿಗೂ ಒಯ್ದರು. ತೆಲುಗಿನಲ್ಲಿ ರಾಜ್‌ಕುಮಾರ್ ಅವರೇ ಕಣ್ಣಪ್ಪನಾದರು. ಹಿಂದಿಯ ‘ಶಿವಭಕ್ತ’ದಲ್ಲಿ ಶಾಹು ಮೋಡಕ್ ಆ ಪಾತ್ರ ಮಾಡಿದರು. ಅಯ್ಯರ್ ಅವರು ಮುಂದೆ 1983ರಲ್ಲಿ ಸಂಸ್ಕೃತದ ಮೊದಲ ಚಿತ್ರ ‘ಆದಿ ಶಂಕರಾಚಾರ್ಯ’ವನ್ನು ನಿರ್ದೇಶಿಸಿದರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ಮೇಷ್ಟ್ರು ಹಲಗೆಯ ಮೇಲೆ ಬರೆದ ಅಯ್ಯರ್ ಅವರ ಹೆಸರೂ ಅದರಿಂದ ಹೊರಟ ಗೆರೆಯೂ ಕಣ್ಣ ಮುಂದೆ ಬಂದವು.

ವಾರ್ಷಿಕೋತ್ಸವದ ಸಂಜೆ ಎಲ್ಲವೂ ಸಿದ್ಧವಾಗಿತ್ತು. ನಾಂದಿಯ ಹಾಡಿಗೆ ಹಾರ್ಮೋನಿಯಂ ಶ್ರುತಿ ಹಿಡಿದಿತ್ತು. ಅಷ್ಟರಲ್ಲಿ ಮೇಷ್ಟ್ರು ಪರದೆಯ ಮುಂದೆ ಹೋಗಿ, ಮೈಕಿನಲ್ಲಿ ಹೆಸರುಗಳನ್ನು ಓದತೊಡಗಿದರು. ಪಾತ್ರಧಾರಿಗಳನ್ನು ಕೊನೆಗಿಟ್ಟು, ಬೆಂಚುಗಳನ್ನು ಹೊತ್ತು ರಂಗ ಕಟ್ಟಿದವರಿಂದ ಆರಂಭಿಸಿದರು. ಆಮೇಲೆ ದೀಪದವರು, ಬಟ್ಟೆ ಹೊಲಿದು ಕೊಟ್ಟವರು, ಬಣ್ಣ ಹಚ್ಚಿದವರು. ಪರದೆಯ ಈಚೆ ಹಗ್ಗ ಹಿಡಿದು ನಿಂತಿದ್ದ ನನಗೆ ಸಭೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಪರದೆ ಮತ್ತು ರಂಗಸಾಮಗ್ರಿ ಎಂದು ಹೇಳಿ ಅವರು ನನ್ನ ಹೆಸರನ್ನು ಓದಿದರು. ಹಾರ್ಮೋನಿಯಂ ಶುರುವಾದ ಮೇಲೂ ಹಗ್ಗ ಎಳೆಯುವುದು ನನಗೆ ಒಂದು ಗಳಿಗೆ ತಡವಾಯಿತು.