ಗ್ಲೌಸಿನ ಬೆರಳಲ್ಲಿ ಸಿಕ್ಕ ಕಲ್ಲು

ಅವತ್ತು ಭಾನುವಾರ. ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದೆ. ಟವೆಲ್ಲಿನ ನೂಲೊಂದು ಉಂಗುರಕ್ಕೆ ಸಿಕ್ಕಿಕೊಂಡಿತು. ಬಿಡಿಸೋಣ ಅಂತ ಬಗ್ಗಿ ನೋಡಿದರೆ ಉಂಗುರದಲ್ಲಿ ಕಲ್ಲೇ ಇಲ್ಲ! ಕಲ್ಲನ್ನು ಹಿಡಿದಿರಬೇಕಾದ ನಾಲ್ಕು ಸಣ್ಣ ಉಗುರುಗಳು ಸುಮ್ನೆ ಮೇಲೆ ನೋಡುತ್ತಾ ನಿಂತಿದ್ದವು. ಅದರಲ್ಲೊಂದು ಪಕ್ಕಕ್ಕೆ ವಾಲಿತ್ತು.

ಮದುವೆಯ ಉಂಗುರ. ಹನ್ನೊಂದು ವರ್ಷದಿಂದ ಬೆರಳಲ್ಲಿತ್ತು. ಬೆಳಗ್ಗೆ ಕಲ್ಲು ಇತ್ತಾ ಅಂತ ಯಾರಾದರೂ ಕೇಳಿದ್ದರೆ ಇತ್ತು ಅಂತಲೇ ಹೇಳುತ್ತಿದ್ದೆ. ಆದರೆ ನಿಜಕ್ಕೂ ನೋಡಿದ್ದೆನಾ? ಇಲ್ಲ. ದಿನಾ ಕಣ್ಣೆದುರೇ ಇರುವುದನ್ನು ಯಾರು ನೋಡುತ್ತಾರೆ?

ಹುಡುಕಾಟ ಶುರುವಾಯಿತು. ಮೊದಲು ಇಬ್ಬರೂ ಗಾಬರಿಯಲ್ಲಿ ಮನೆಯೆಲ್ಲ ಓಡಾಡಿದೆವು. ಕಾಲಿಗೆ ಸಿಕ್ಕು ಎಲ್ಲೋ ಹೋಗಿಬಿಡುತ್ತೆ ಅಂತ ಹೊಳೆದ ಮೇಲೆ ನಿಂತೆವು. ನನ್ನ ಗಂಡ ಕಿಟಕಿಗಳ ಪರದೆ ಎಳೆದು, ಲೈಟ್ ಆರಿಸಿ, ಟಾರ್ಚನ್ನು ನೆಲದ ಮೇಲೆ ಮಲಗಿಸಿದರು. ಮೇಲಿನಿಂದ ಬೆಳಕು ಬಿಟ್ಟರೆ ಕಾಣದ್ದೆಲ್ಲ ಅಡ್ಡ ಬೆಳಕಿಗೆ ಕಾಣಿಸುತ್ತದೆ. ಒಂದೊಂದು ಧೂಳಿನ ಕಣಕ್ಕೂ ಉದ್ದ ನೆರಳು. ದೂರದಲ್ಲಿ ಏನೋ ಮಿಂಚಿತು, ಎದೆ ಧಸಕ್ಕೆಂದಿತು. ಹೋಗಿ ನೋಡಿದರೆ ಸಕ್ಕರೆ ಹರಳು. ಹೀಗೆ ಮೂರು ಸಲ ಆಯಿತು. ಕೊನೆಗೆ ಬೇಸಿನ್ ಕೆಳಗೆ ಬಕೆಟ್ ಇಟ್ಟು ಅಲ್ಲಿರುವ ಬಾಗಿದ ಪೈಪನ್ನೂ ಬಿಚ್ಚಿದೆವು. ಭಾರದ ಸಣ್ಣ ವಸ್ತುಗಳು ಒಳಗೆ ಬಿದ್ದರೆ ಸಾಮಾನ್ಯವಾಗಿ ಆ ಬಾಗಿನಲ್ಲೇ ನಿಂತಿರುತ್ತವೆ. ನಮಗೆ ಸಿಕ್ಕಿದ್ದು ಕೂದಲ ಉಂಡೆ ಮತ್ತು ಒಂದು ಅಂಗಿ ಗುಂಡಿ.

"ಬೆಳಗ್ಗೆ ಬಾತ್‌ರೂಮ್ ತೊಳೆದೆಯಲ್ಲಾ, ಆ ಗ್ಲೌಸ್ ಎಲ್ಲಿ?" ಅಂದರು.

"ಆಗಲೇ ತೊಳೆದು ಒಣಗೋಕೆ ಹಾಕಿದೀನಿ ರೀ."

ಹೋಗಿ ತಂದೆ. ರಬ್ಬರ್ ಗ್ಲೌಸು. ಕೈಗೆ ಬಿಗಿಯಾಗಿದ್ದರಿಂದ ಬೆಳಗ್ಗೆ ಒಳಹೊರಗಾಗುವ ಹಾಗೆ ಎಳೆದು ಕಳಚಿದ್ದೆ. ನಾಲ್ಕು ಬೆರಳು ಹೊರಗೆ ಬಂದಿದ್ದವು, ಉಂಗುರದ ಬೆರಳು ಮಾತ್ರ ಮಡಚಿಕೊಂಡು ಒಳಗೇ ಉಳಿದಿತ್ತು. ಬಾಯಿಟ್ಟು ಊದಿದೆ. ಪಟ್ ಅಂತ ಬೆರಳು ಬಿಚ್ಚಿಕೊಂಡಿತು. ಅಂಗೈ ಮೇಲೆ ತಣ್ಣಗೆ ಏನೋ ಬಿತ್ತು. ವಜ್ರ.

ಇದರಲ್ಲೊಂದು ತಮಾಷೆ ಇದೆ. ನಾನು ಗ್ಲೌಸ್ ಹಾಕಲು ಶುರು ಮಾಡಿದ್ದೇ ಉಂಗುರ ಉಳಿಸಲು! ಚಿನ್ನಕ್ಕೆ ತುಕ್ಕು ಹಿಡಿಯಲ್ಲ, ಹಾಗಾಗಿ ಯಾವುದಕ್ಕೂ ಹೆದರಬೇಕಿಲ್ಲ ಅಂತ ಹತ್ತು ವರ್ಷ ಬರಿಗೈಯಲ್ಲೇ ಬ್ಲೀಚ್ ಹಾಕಿ ಉಜ್ಜಿದ್ದೆ. ತುಕ್ಕು ಹಿಡಿಯಲ್ಲ ಅನ್ನುವುದು ಅಪ್ಪಟ ಚಿನ್ನದ ಮಾತು. ನನ್ನ ಉಂಗುರದ ಒಳಗೆ 750 ಅಂತ ಮುದ್ರೆ ಇದೆ. ಅಂದರೆ 18 ಕ್ಯಾರಟ್. ಸಾವಿರ ಭಾಗದಲ್ಲಿ 750 ಮಾತ್ರ ಚಿನ್ನ, ಉಳಿದ ಕಾಲು ಭಾಗ ತಾಮ್ರ, ಬೆಳ್ಳಿಯಂಥ ಬೇರೆ ಲೋಹ. ಬ್ಲೀಚಿನಲ್ಲಿರುವ ಕ್ಲೋರಿನ್ ಈ ಮಿಶ್ರಣವನ್ನು ಕೆಡಿಸುತ್ತದೆ. ಬೆಸುಗೆ ಹಾಕಿದ ಜಾಗ, ಕಲ್ಲು ಹಿಡಿದ ತೆಳು ಉಗುರು, ಇಂಥ ಕಡೆ ಲೋಹ ಪೆಡಸಾಗಿ ಬಿರುಕು ಬಿಡಬಹುದು. ಕ್ಲೋರಿನ್ ಹಾಕಿದ ಈಜುಕೊಳದ್ದೂ ಇದೇ ಕಥೆ. ಅದು ಗೊತ್ತಾದ ಮೇಲೆ ಗ್ಲೌಸ್ ಬಂತು. ಉಂಗುರ ತೆಗೆದಿಡುವುದು ಬಿಟ್ಟು, ಅದರ ಮೇಲೇ ಗ್ಲೌಸ್ ಏರಿಸಿ ಜಾಣೆಯಾದೆ.

ಮಾರನೇ ದಿನ ಅಕ್ಕಸಾಲಿಗರ ಹತ್ತಿರ ಹೋದೆವು. ವಯಸ್ಸಾದವರು, ಮಾತು ಕಮ್ಮಿ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಉಂಗುರವನ್ನು ಎರಡು ಸುತ್ತು ತಿರುಗಿಸಿದರು. ಆಮೇಲೆ ಮಸೂರ ನನ್ನ ಕೈಗೇ ಕೊಟ್ಟರು. "ನೀವೇ ನೋಡಿ ಅಮ್ಮಾ."

ನೋಡಿ ನಾಚಿಕೆಯಾಯಿತು. ನಾಲ್ಕು ಉಗುರಲ್ಲಿ ಒಂದರ ತುದಿ ಮಾತ್ರ ಗುಂಡಗಿತ್ತು. ಎರಡು ಸವೆದು ಚಪ್ಪಟೆಯಾಗಿದ್ದವು. ನಾಲ್ಕನೆಯದು ವಾಲಿತ್ತು. ಮೂಲೆಯಲ್ಲಿ ಟವೆಲ್ಲಿನ ಎಳೆ ಇನ್ನೂ ಇತ್ತು. ಕಲ್ಲು ಕೂರುವ ಗುಳಿಯಲ್ಲಿ ಬೂದು ಬಣ್ಣದ ಗಟ್ಟಿ ಕೊಳೆ. ಸೋಪು, ಕ್ರೀಮು, ಮೈಯೆಣ್ಣೆ ಎಲ್ಲ ಸೇರಿ ಕೂತಿದ್ದು.

"ನೂಲು ಸಿಕ್ಕಿಕೊಳ್ತಾ ಇತ್ತಾ?" ಅಂತ ಕೇಳಿದರು.

ಯೋಚಿಸಿದೆ. ಹೌದು, ಎರಡು ಮೂರು ತಿಂಗಳಿಂದ ಸ್ವೆಟರಿಗೆ, ತಲೆಕೂದಲಿಗೆ ಸಿಕ್ಕಿಕೊಳ್ಳುತ್ತಲೇ ಇತ್ತು. ನಾನು ಎಳೆದು ಬಿಡಿಸಿಕೊಳ್ಳುತ್ತಲೇ ಇದ್ದೆ.

"ಅದು ನಿಮ್ಮನ್ನ ಕರೀತಾ ಇತ್ತು," ಅಂದರು. ಅವತ್ತು ಅವರು ಆಡಿದ ಮಾತುಗಳಲ್ಲಿ ಉದ್ದದ್ದು ಅಂದರೆ ಇದೇ ಇರಬೇಕು.

ಸವೆದ ತುದಿಗಳಿಗೆ ಚಿನ್ನ ಕೂಡಿಸಿ ಹೊಸದಾಗಿ ಕಟ್ಟುತ್ತೇನೆ ಅಂದರು. ನಾನು ಅಷ್ಟಕ್ಕೇ ಬಿಡದೆ, ಹಾಗೇ ಪಾಲಿಶ್ ಕೂಡ ಮಾಡಿಬಿಡಿ, ಹೊಸದರ ಹಾಗೆ ಆಗಲಿ ಅಂದೆ. ಅವರು ಬೇಡ ಅಂತ ತಲೆಯಾಡಿಸಿದರು. ಪಾಲಿಶ್ ಅಂದರೆ ಮೇಲಿನ ಪದರವನ್ನು ಉಜ್ಜಿ ತೆಗೆಯುವುದೇ. ಗೀರು ಹೋಗುತ್ತದೆ, ಜೊತೆಗೆ ಒಂದಿಷ್ಟು ಚಿನ್ನವೂ ಹೋಗುತ್ತದೆ. ಆಗ ಹೆದರುತ್ತಲೇ ಒಪ್ಪಿಕೊಂಡೆ: ಹಬ್ಬವೋ ಸಮಾರಂಭವೋ ಬಂದರೆ ಟೂತ್‌ಪೇಸ್ಟ್ ಹಾಕಿ ಉಜ್ಜುತ್ತಿದ್ದೆ ಅಂತ. ಅವರು ಏನೂ ಅನ್ನಲಿಲ್ಲ, ನನ್ನನ್ನೊಮ್ಮೆ ನೋಡಿದರು ಅಷ್ಟೇ. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರಕ್ಕೆ 10, ಚಿನ್ನಕ್ಕೆ ಹೆಚ್ಚೆಂದರೆ 3. ಮರಳಿನ ಕಣಕ್ಕೇ 7 ಇದೆ. ಪೇಸ್ಟಿನಲ್ಲಿ ಹಲ್ಲುಜ್ಜಲು ಹಾಕಿರುವ ಸಣ್ಣ ಪುಡಿ ಸಾಕು, ಚಿನ್ನದ ಮೇಲೆ ಗೀರು ಬೀಳಲು. ಹೊಳಪು ಬರಲಿ ಅಂತ ಉಜ್ಜಿ ಉಜ್ಜಿ ನಾನೇ ಹೊಳಪು ಕಳೆದಿದ್ದೆ.

ಇಷ್ಟರಲ್ಲಿ ನನ್ನ ಗಂಡನ ಸರದಿ ಬಂತು. ಅವರದು ಕಲ್ಲಿಲ್ಲದ ಸಾದಾ ಉಂಗುರ. ಇದಕ್ಕೇನಾಗುತ್ತೆ ಅನ್ನೋ ಧೈರ್ಯದಲ್ಲಿ ಕೈ ಚಾಚಿದರು. ಉಂಗುರ ಬರಲೇ ಇಲ್ಲ. ಮದುವೆಯಾದಾಗಿನಿಂದ ದಪ್ಪಗಾಗಿರುವುದನ್ನು ಅವರು ಒಪ್ಪಿಕೊಂಡಿರಲಿಲ್ಲ. ಸೋಪು ಹಾಕಿದರೂ ಜಾರಲಿಲ್ಲ. ಎಳೆದಷ್ಟೂ ಗಂಟು ಊದಿತು. ಅಕ್ಕಸಾಲಿಗರು ಐದು ನಿಮಿಷ ಕೈ ಮೇಲೆತ್ತಿ ಹಿಡಿಯಲು ಹೇಳಿದರು. ಆಮೇಲೆ ನುಣುಪಾದ ದಾರ ತಂದು ಅದರ ಒಂದು ತುದಿಯನ್ನು ಉಂಗುರದ ಕೆಳಗಿನಿಂದ ಅಂಗೈ ಕಡೆಗೆ ತೂರಿಸಿದರು. ಉಳಿದ ದಾರವನ್ನು ಉಂಗುರದ ಪಕ್ಕದಿಂದ ಗೆಣ್ಣು ದಾಟುವವರೆಗೂ ಬಿಗಿಯಾಗಿ, ಒತ್ತೊತ್ತಾಗಿ ಸುತ್ತಿದರು. ತೂರಿಸಿದ ತುದಿ ಹಿಡಿದು ಮೆಲ್ಲಗೆ ಬಿಚ್ಚುತ್ತಾ ಹೋದರು. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಒಂದೊಂದು ಹೆಜ್ಜೆ ಮುಂದೆ ಬಂತು. ಸ್ಕ್ರೂ ತಿರುಗಿದ ಹಾಗೆ. ಬೆರಳು ನೀಲಿಯಾಗಿದ್ದರೆ, ಮರಗಟ್ಟಿದ್ದರೆ ಇದನ್ನೆಲ್ಲ ಮಾಡುತ್ತಾ ಕೂರಬಾರದು, ಆಸ್ಪತ್ರೆಗೆ ಹೋಗಿ ಉಂಗುರವನ್ನೇ ಕತ್ತರಿಸಿ ತೆಗೆಸಬೇಕು. ಚಿನ್ನವನ್ನು ಮತ್ತೆ ಜೋಡಿಸಬಹುದು.

ಕಳಚಿದ ಜಾಗದಲ್ಲಿ ಬಿಳಿ ಪಟ್ಟಿ. ಉಂಗುರದ ಅಂಗೈ ಕಡೆಯ ಭಾಗ ಮೇಲಿನದಕ್ಕಿಂತ ತೆಳ್ಳಗಿತ್ತು. ಸ್ಟೀರಿಂಗು, ಬಕೆಟ್ಟಿನ ಹಿಡಿ, ಜಿಮ್ಮಿನ ಸರಳು, ಹಿಡಿದಿದ್ದೆಲ್ಲ ಅಲ್ಲೇ ತಾನೇ ಉಜ್ಜುವುದು? ಒಳಗೆ ಕೆತ್ತಿಸಿದ್ದ ನನ್ನ ಹೆಸರಲ್ಲಿ ಮೊದಲ ಅಕ್ಷರ ಮಾಸಿತ್ತು. ನನ್ನ ಗಂಡ ನನಗಿಂತ ಜಾಸ್ತಿ ಹೊತ್ತು ಅದನ್ನು ನೋಡಿದರು. ಅಳತೆ ದೊಡ್ಡದು ಮಾಡಲು ಕೊಟ್ಟೆವು, ತೆಳುವಾದ ಕಡೆಯೇ ಕತ್ತರಿಸಿ ಹೊಸ ತುಂಡು ಸೇರಿಸುತ್ತಾರಂತೆ.

ಈಗ ಮನೆಯಲ್ಲಿ ಏನು ಮಾಡುತ್ತೇನೆ ಅಂದರೆ, ತುಂಬಾ ಏನಿಲ್ಲ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಇಪ್ಪತ್ತು ನಿಮಿಷ ನೆನೆಸುತ್ತೇನೆ. ಮಕ್ಕಳ ಮೆತ್ತನೆ ಬ್ರಷ್ಷಿನಲ್ಲಿ ಕಲ್ಲಿನ ಹಿಂಭಾಗ ಮೆಲ್ಲಗೆ ಉಜ್ಜುತ್ತೇನೆ. ವಜ್ರಕ್ಕೆ ಜಿಡ್ಡು ಅಂಟುವುದು ಜಾಸ್ತಿ, ಅದೂ ಕಾಣದ ಹಿಂಬದಿಯಲ್ಲೇ. ತೊಳೆಯುವುದು ಬೇಸಿನ್ನಿನಲ್ಲಿ ಅಲ್ಲ, ಬಟ್ಟಲಲ್ಲಿ. ಮುತ್ತು, ಪಚ್ಚೆ ಇದ್ದವರು ಹೀಗೆ ನೆನೆಸಲು ಹೋಗಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮುತ್ತು ತುಂಬಾ ಮೆದು, ಪಚ್ಚೆಯ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ.

ಕಷ್ಟ ಇರುವುದು ತೆಗೆಯುವ ವಿಷಯದಲ್ಲಿ. ಕೆಲಸಕ್ಕೆ ಮೊದಲು ತೆಗೆದಿಡಿ ಅನ್ನುತ್ತಾರೆ, ಸರಿ. ಆದರೆ ತೆಗೆದ ಉಂಗುರವೇ ಕಳೆದುಹೋಗುವುದು, ಅಲ್ವಾ? ಬೇಸಿನ್ ಅಂಚು, ಪ್ಯಾಂಟಿನ ಜೇಬು, ಟಿಶ್ಯೂ ಮಡಿಕೆ. ಅದಕ್ಕೇ ಕಪಾಟಿನ ಮೇಲ್ಗಡೆ ಒಂದು ಸಣ್ಣ ಪಿಂಗಾಣಿ ಬಟ್ಟಲು ಇಟ್ಟಿದ್ದೇನೆ. ಉಂಗುರ ಇದ್ದರೆ ಬೆರಳಲ್ಲಿ, ಇಲ್ಲದಿದ್ದರೆ ಅಲ್ಲಿ. ಮನೆಯಿಂದ ಹೊರಗೆಲ್ಲೂ ತೆಗೆಯುವುದಿಲ್ಲ. ಈಜಲು ಹೋಗುವ ದಿನ ಹಾಕಿಕೊಂಡೇ ಹೋಗುವುದಿಲ್ಲ, ತಣ್ಣೀರಿಗೆ ಬೆರಳು ಸಣ್ಣಗಾಗಿ ಜಾರಿಬಿಟ್ಟರೆ ಕಷ್ಟ.

ತಿಂಗಳಿಗೊಮ್ಮೆ ಉಂಗುರವನ್ನು ಕಿವಿ ಹತ್ತಿರ ಹಿಡಿದು ಬೆರಳಲ್ಲಿ ಮೆಲ್ಲಗೆ ತಟ್ಟುತ್ತೇನೆ. ಕಲ್ಲು ಸಡಿಲವಾಗಿದ್ದರೆ ಟಿಕ್ ಟಿಕ್ ಅನ್ನುತ್ತದೆ. ಮೊದಲ ಸಲ ಹಾಗೆ ಮಾಡುತ್ತಿದ್ದಾಗ ನನ್ನ ಗಂಡ ಪೇಪರಿನಿಂದ ತಲೆಯೆತ್ತಿದರು.

"ಏನಂತೆ?"

"ಏನೂ ಇಲ್ವಂತೆ," ಅಂದೆ.